ಡೈ ಮೊದಲು, ಟ್ಯೂಬ್ ಆಮೇಲೆ

ರೋಲ್ ಕೇಜ್, ಅಂದರೆ ರೇಸ್ ಕಾರು ಉರುಳಿದಾಗ ಒಳಗಿನವರನ್ನು ಕಾಪಾಡುವ ಸ್ಟೀಲ್ ಟ್ಯೂಬಿನ ಗೂಡು, ಕಟ್ಟಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ವೆಲ್ಡಿಂಗ್ ಬಗ್ಗೆ. ಯಾವ ಮಷೀನು, ಆರ್ಗಾನ್ (ಟಿಗ್) ಮಾಡಿಸ್ತೀರಾ ಸಿಓಟು (ಮಿಗ್) ಮಾಡಿಸ್ತೀರಾ, ಕೈ ಯಾರದ್ದು. ಅದಾದ ಮೇಲೆ ಸ್ಟೀಲಿನ ಮಾತು ಬರುತ್ತದೆ, ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಸ್ಟೀಲು) ಹಾಕಿ ಸರ್ ಅಂತ ಒಬ್ಬರಾದರೂ ಹೇಳೇ ಹೇಳುತ್ತಾರೆ. ಟ್ಯೂಬನ್ನು ಎಲ್ಲಿ ಬಗ್ಗಿಸ್ತೀರಿ, ಯಾವ ಡೈ (ಬಗ್ಗಿಸುವಾಗ ಟ್ಯೂಬ್ ಕೂರುವ, ತೋಡು ಇರುವ ಅಚ್ಚು) ಮೇಲೆ ಬಗ್ಗಿಸ್ತೀರಿ ಅಂತ ಕೇಳಿದವರು ಒಬ್ಬರೇ. ಅವರು ಪುಣೆ ಬಳಿಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಎಕ್ಸಾಸ್ಟ್ ಪೈಪು ಬಗ್ಗಿಸುತ್ತಲೇ ತಲೆ ಬೆಳ್ಳಗಾದ, ಇಂಡಿ ಕಡೆಯ ಕಾಕಾ.

"ಟ್ಯೂಬ್ ಆಮ್ಯಾಲೆ ತಗೋರಿ ಸಾಹೇಬ್ರ. ಮೊದ್ಲ ಡೈ ಯಾವುದೈತಿ ನೋಡ್ರಿ."

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಗೆಳೆಯನ ಹತ್ತಿರ ಹಳೆಯ ಮಾರುತಿ ಎಸ್ಟೀಮ್ ಇದೆ. ರ‍್ಯಾಲಿ ನೋಡಿದವರಿಗೆ ಎಸ್ಟೀಮ್ ಅಂದರೆ ಏನು ಅಂತ ವಿವರಿಸಬೇಕಿಲ್ಲ, ಹಗುರ, ಅಗ್ಗ, ರಿಪೇರಿಗೆ ಸುಲಭ. ಪುಣೆಯ ನಾನಾ ಪೇಠ್‌ನಲ್ಲಿ ಒಂದು ಮಧ್ಯಾಹ್ನ ಅಲೆದರೆ ಬೇಕಾದ ಬಿಡಿಭಾಗಗಳಲ್ಲಿ ಬಹುಪಾಲು ಸಿಕ್ಕಿಬಿಡುತ್ತವೆ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ದಾರಿಯಲ್ಲಿ ಆ ಕಾರನ್ನು ಓಡಿಸಬೇಕು ಅನ್ನುವುದು ಅವನ ಹಠ. ನಾನು ಚಾಕಣ್‌ನಲ್ಲಿ ಫಿಕ್ಸ್ಚರ್ ಡಿಸೈನ್ ಮಾಡುವವನು, ಹಾಗಾಗಿ ಕೇಜಿನ ಡ್ರಾಯಿಂಗ್, ಖರೀದಿ, ಲೆಕ್ಕ ಎಲ್ಲ ನನ್ನ ಕೊರಳಿಗೆ ಬಿತ್ತು.

ಮೊದಲು ನಿಯಮದ ಪುಸ್ತಕ. ಜಗತ್ತಿನ ಮೋಟಾರು ಕ್ರೀಡೆಯ ಒಕ್ಕೂಟವಾದ ಎಫ್‌ಐಎಯ ಅಪೆಂಡಿಕ್ಸ್ ಜೆ, ಕಲಂ 253ರಲ್ಲಿ ಕೇಜಿಗೆ ಏನೇನು ಬೇಕು ಅಂತ ಬರೆದಿದ್ದಾರೆ. ಕೋಲ್ಡ್ ಡ್ರಾನ್ ಸೀಮ್‌ಲೆಸ್ (ಕಾಯಿಸದೆ ಎಳೆದ, ಬೆಸುಗೆ ಗೆರೆ ಇಲ್ಲದ) ಸಾದಾ ಕಾರ್ಬನ್ ಸ್ಟೀಲ್ ಆಗಿರಬೇಕು, ಕಾರ್ಬನ್ 0.3 ಶೇಕಡಾ ಮೀರಬಾರದು, ಎಳೆತದ ಬಲ ಕನಿಷ್ಠ 350 ಮೆಗಾಪ್ಯಾಸ್ಕಲ್ ಇರಬೇಕು. ಸೀಟಿನ ಹಿಂದೆ ಕಮಾನಿನ ಹಾಗೆ ನಿಲ್ಲುವ ಮುಖ್ಯ ಹೂಪ್ 45 ಮಿ.ಮೀ. ಹೊರವ್ಯಾಸ ಮತ್ತು 2.5 ಮಿ.ಮೀ. ದಪ್ಪ, ಇಲ್ಲವೇ 50 ವ್ಯಾಸ ಮತ್ತು 2 ದಪ್ಪ. ಕೇಜಿನ ಉಳಿದ ಟ್ಯೂಬುಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2. ಹೂಪ್ ಒಂದೇ ತುಂಡಿನದ್ದಾಗಿರಬೇಕು, ನಡುವೆ ಬೆಸುಗೆ ಇರಕೂಡದು. ನಮ್ಮ ದೇಶದಲ್ಲಿ ಮೋಟಾರು ಕ್ರೀಡೆಯ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಆಯಾ ವರ್ಷದ ನಿಯಮ ಹೊರಡಿಸುತ್ತದೆ, ಅದನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕು. ಯಾರೋ ಮೂರು ವರ್ಷದ ಹಿಂದೆ ವಾಟ್ಸಾಪಿನಲ್ಲಿ ಕಳಿಸಿದ ಪಿಡಿಎಫ್ ನಂಬಿ ಸ್ಟೀಲ್ ಕತ್ತರಿಸಬಾರದು.

ಈಗ ಹೂಪಿನ ಎರಡು ಅಳತೆಗಳನ್ನು ಕಾಗದದ ಮೇಲೆ ಹೋಲಿಸಿ ನೋಡಿ. 45-2.5ರ ಟ್ಯೂಬ್ ಮೀಟರಿಗೆ ಸುಮಾರು 2.6 ಕೆ.ಜಿ. ತೂಗುತ್ತದೆ. 50-2ರದ್ದು 2.4 ಕೆ.ಜಿ. ಆಸುಪಾಸು. ಅಂದರೆ ದೊಡ್ಡದೇ ಹಗುರ! ಅಷ್ಟೇ ಅಲ್ಲ, ಬಾಗದೆ ನಿಲ್ಲುವ ಬಿಗಿಯೂ ಅದರಲ್ಲಿ ಸುಮಾರು 15 ಶೇಕಡಾ ಜಾಸ್ತಿ, ಯಾಕೆಂದರೆ ಆ ಲೆಕ್ಕದಲ್ಲಿ ವ್ಯಾಸದ ನಾಲ್ಕನೇ ಘಾತ ಬರುತ್ತದೆ. ಕಂಪ್ಯೂಟರ್ ಮುಂದೆ ಕೂತವನಿಗೆ ಆಯ್ಕೆ ಅಲ್ಲಿಗೇ ಮುಗಿಯಿತು ಅನ್ನಿಸುತ್ತದೆ.

ಕಾಕಾನ ಶೆಡ್ಡಿನಲ್ಲಿ ಅದು ಮುಗಿಯುವುದಿಲ್ಲ. ಅವರ ರ‍್ಯಾಕಿನಲ್ಲಿ ಸಾಲಾಗಿ ಇಟ್ಟ ಡೈಗಳೆಲ್ಲ ಇಂಚಿನವು. ಒಂದೂವರೆ, ಒಂದೂಮುಕ್ಕಾಲು, ಎರಡು. ಮಿಲಿಮೀಟರಿನಲ್ಲಿ ಹೇಳಿದರೆ 38.1, 44.45, 50.8. ಎಕ್ಸಾಸ್ಟ್ ಕೆಲಸ ಇಂಚಿನ ಲೆಕ್ಕದಲ್ಲೇ ನಡೆಯುವುದರಿಂದ ಅವರಿಗೆ ಬೇರೆಯದು ಬೇಕಾಗಿಯೇ ಇಲ್ಲ. ನಿಯಮದ ಪುಸ್ತಕ 45 ಮಿ.ಮೀ. ಪಕ್ಕದಲ್ಲೇ 1.75 ಇಂಚು ಅಂತಲೂ ಬರೆದು ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ, ತಪಾಸಣೆಗೆ ಅದು ಸರಿ. ಡೈಗೆ ಸರಿಯಲ್ಲ. 44.45ರ ತೋಡಿನಲ್ಲಿ 45ರ ಟ್ಯೂಬ್ ಪೂರ್ತಿ ಕೂರುವುದಿಲ್ಲ, ಎರಡು ಅಂಚಿನಲ್ಲೂ ಕಚ್ಚಿ ಉದ್ದಕ್ಕೂ ಗೀರು ಬೀಳುತ್ತದೆ. 50.8ರ ತೋಡಿನಲ್ಲಿ 50ರ ಟ್ಯೂಬ್ ಸಡಿಲ, ಪಕ್ಕಕ್ಕೆ ಆಸರೆ ಸಿಗದೆ ಬಾಗುವಾಗ ಮೊಟ್ಟೆಯ ಹಾಗೆ ಚಪ್ಪಟೆಯಾಗುತ್ತದೆ. ಬಾಗಿನಲ್ಲಿ ಚಿಕ್ಕ ವ್ಯಾಸವನ್ನು ದೊಡ್ಡ ವ್ಯಾಸದಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬರಬಾರದು ಅನ್ನುವುದು ನಿಯಮ. ಟ್ಯೂಬು ಡೈ ಎರಡೂ ಬೇರೆ ಬೇರೆ ಮನೆಯವಾದರೆ ಆ ಅಂಕಿಗೆ ಬರುವುದು ಕಷ್ಟ.

ಇನ್ನೊಂದು ತೊಡಕು ತ್ರಿಜ್ಯದ್ದು. ಕೇಜಿನ ಬಾಗು ಟ್ಯೂಬಿನ ನಡುಗೆರೆಯಲ್ಲಿ ಅಳೆದಾಗ ವ್ಯಾಸದ ಮೂರು ಪಟ್ಟಾದರೂ ಇರಬೇಕು. 45ಕ್ಕೆ 135 ಮಿ.ಮೀ., 38ಕ್ಕೆ 114. ಎಕ್ಸಾಸ್ಟಿನವರ ಡೈಗಳ ತ್ರಿಜ್ಯ ಇದಕ್ಕಿಂತ ಬಹಳ ಚಿಕ್ಕದು, ಇಂಜಿನ್ ಕೆಳಗೆ ಸಿಕ್ಕ ಸಂದಿಯಲ್ಲಿ ಪೈಪು ತಿರುಗಿಸುವ ಕೆಲಸ ಅವರದ್ದು. ಹಾಗಾಗಿ ರ‍್ಯಾಕಿನಲ್ಲಿ ವ್ಯಾಸ ಸರಿಯಿದ್ದ ಡೈ ಕೂಡ ತ್ರಿಜ್ಯದಲ್ಲಿ ಫೇಲು.

ಹಾಗಿದ್ದರೆ ಹೈಡ್ರಾಲಿಕ್ ಪೈಪ್ ಬೆಂಡರ್ ಬಾಡಿಗೆಗೆ ತರಬಾರದಾ? ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಂಪು ಬಣ್ಣದ್ದು ನಿಂತಿರುತ್ತದಲ್ಲ, ಜಾಕಿ ಒತ್ತಿದರೆ ನಡುವಿನ ಬೂಟು ಮುಂದೆ ಬಂದು ಎರಡು ರೋಲರಿನ ಮಧ್ಯೆ ಪೈಪನ್ನು ತಳ್ಳುವಂಥದ್ದು. ಅದು ದಪ್ಪ ಗೋಡೆಯ ನೀರಿನ ಪೈಪಿಗಾಗಿ ಮಾಡಿದ್ದು. 2.5 ಮಿ.ಮೀ. ಗೋಡೆಯ ಟ್ಯೂಬನ್ನು ಅದರಲ್ಲಿ ಒತ್ತಿದರೆ ಒಳಬಾಗಿನಲ್ಲಿ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದ ಟ್ಯೂಬ್ ಹೊಡೆತ ಬಿದ್ದಾಗ ಅಲ್ಲೇ ಮಡಚಿಕೊಳ್ಳುತ್ತದೆ. ಮರಳು ತುಂಬಿ, ಗ್ಯಾಸಿನಿಂದ ಕೆಂಪಗೆ ಕಾಯಿಸಿ ಬಗ್ಗಿಸುವ ಹಳೆಯ ಪದ್ಧತಿಯೂ ಇದೆ, ಗೇಟು ಗ್ರಿಲ್ಲು ಮಾಡುವವರು ಅದರಲ್ಲಿ ಪಳಗಿದ್ದಾರೆ. ಆದರೆ ನಿಯಮ ಹೇಳುವುದು ಕಾಯಿಸದೆ ಬಗ್ಗಿಸಬೇಕು ಅಂತ, ಬಾಗಿನಲ್ಲಿ ಸುಕ್ಕು ಬಿರುಕು ಇರಬಾರದು ಅಂತ. ಅಲ್ಲಿಗೆ ಉಳಿಯುವುದು ರೋಟರಿ ಡ್ರಾ ಬೆಂಡರ್ ಒಂದೇ. ಟ್ಯೂಬನ್ನು ಡೈಗೆ ಕಚ್ಚಿಸಿ, ಡೈಯನ್ನೇ ತಿರುಗಿಸುತ್ತ, ಹಿಂದಿನಿಂದ ತೋಡು ಇರುವ ಒಂದು ಕಟ್ಟೆ ಒತ್ತಿಹಿಡಿಯುವ ಬಗೆ. ಕಾಕಾನ ಮಷೀನು ಅದೇ. ಅದಕ್ಕೆ ನಮ್ಮ ಅಳತೆಯ ಡೈ ಮಾಡಿಸಬೇಕು, ಅಷ್ಟೇ.

ಅಷ್ಟೇ ಅಂದೆ, ಆದರೆ ಹಣ ಹೋಗುವುದು ಅಲ್ಲೇ. ಡೈ, ಹಿಂದಿನ ಕಟ್ಟೆ, ಕ್ಲ್ಯಾಂಪು, ಮೂರೂ ಸೇರಿ ಒಂದು ಸೆಟ್. ಹೂಪಿಗೆ ಒಂದು ಸೆಟ್, ಮುಂದಿನ ಕಾಲುಗಳಿಗೆ ಇನ್ನೊಂದು. ಗೆಳೆಯ ಕೇಳಿದ, ಎಲ್ಲವನ್ನೂ 45ರಲ್ಲೇ ಮಾಡಿದರೆ ಒಂದೇ ಡೈ ಸಾಕಲ್ವಾ ಅಂತ. ಸಾಕು. ಆದರೆ 45ಕ್ಕೂ 38ಕ್ಕೂ ಮೀಟರಿಗೆ 400 ಗ್ರಾಂ ಮೇಲೆ ವ್ಯತ್ಯಾಸ. ಇಪ್ಪತ್ತು ಮೀಟರಿಗೆ ಎಂಟೂವರೆ ಕೆ.ಜಿ. ಆಯಿತು, ಅದರಲ್ಲಿ ಎಷ್ಟೋ ಪಾಲು ಛಾವಣಿಯ ಎತ್ತರದಲ್ಲಿ ಕೂರುತ್ತದೆ. ಎಸ್ಟೀಮಿನಂಥ ಹಗುರ ಕಾರನ್ನು ಆರಿಸಿಕೊಂಡು ತಲೆ ಮೇಲೆ ಭಾರ ಹೊರಿಸುವುದು ನನಗೆ ಒಪ್ಪಿಗೆ ಆಗಲಿಲ್ಲ. ಇನ್ನು 50-2? ತೆಳು ಗೋಡೆಯನ್ನು ಒಳಗೆ ಮ್ಯಾಂಡ್ರಿಲ್ (ಆಸರೆಯ ಸರಳು) ಇಲ್ಲದೆ ಬಗ್ಗಿಸುವುದು ಜಾಸ್ತಿ ಜಿಗುಟಿನ ಕೆಲಸ, ಮೇಲಾಗಿ ಚಿಕ್ಕ ಕಾರಿನ ಒಳಗೆ ಹೆಲ್ಮೆಟ್ಟಿಗೂ ಟ್ಯೂಬಿಗೂ ನಡುವೆ ಐದು ಮಿಲಿಮೀಟರ್ ಕೂಡ ದೊಡ್ಡದೇ. ಕೊನೆಗೆ 45-2.5 ಮತ್ತು 38-2.5, ಎರಡು ಸೆಟ್ ಡೈ. ತ್ರಿಜ್ಯ ನಿಯಮದ ಅಂಚಿನಲ್ಲೇ ಬೇಡ ಅಂತ ದೊಡ್ಡದಕ್ಕೆ 150 ಇಟ್ಟೆವು.

ಡೈ ತೀರ್ಮಾನ ಆದ ಮೇಲೆಯೇ ಟ್ಯೂಬಿನ ಬೇಟೆ. ಇಲ್ಲಿ ಕಣ್ಣಿಗೆ ಕಾಣುವುದನ್ನು ನಂಬಬಾರದು. ಭವಾನಿ ಪೇಠ್ ಕಡೆಯ ಅಂಗಡಿಗೆ ಹೋಗಿ ಒಂದೂವರೆ ಇಂಚಿನ ಪೈಪ್ ಕೊಡಿ ಅಂದರೆ ಕೈಗೆ ಬರುವುದು ಹೊರವ್ಯಾಸ 48.3 ಮಿ.ಮೀ. ಇರುವ ನೀರಿನ ಪೈಪು. ಐಎಸ್ 1239 ಪ್ರಕಾರ ಅದನ್ನು ಕರೆಯುವುದು ಒಳಗಿನ ಅಂದಾಜು ಅಳತೆಯಿಂದ, ಹಳದಿ ನೀಲಿ ಕೆಂಪು ಪಟ್ಟಿ ಬಳಿದು ಹಗುರ, ಮಧ್ಯಮ, ಭಾರಿ ಅಂತ ಬೇರೆ ಮಾಡುತ್ತಾರೆ. ನಮಗೆ ಬೇಕಾದ್ದು ಹೊರವ್ಯಾಸ ಮತ್ತು ಗೋಡೆಯ ದಪ್ಪದಿಂದ ಮಾರುವ ಸರಕು. ವರ್ನಿಯರ್ ಜೇಬಿನಲ್ಲಿರಲಿ, ಎರಡೂ ತುದಿ ಅಳೆಯಿರಿ, ಅಂಗಡಿಯವನು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಆಮೇಲೆ ಟಾರ್ಚ್ ಹಚ್ಚಿ ಒಳಗೆ ನೋಡಿ. ಇಆರ್‌ಡಬ್ಲ್ಯೂ ಟ್ಯೂಬ್ ಅಂದರೆ ಪಟ್ಟಿಯನ್ನು ಸುತ್ತಿ ಅಂಚಿಗೆ ಅಂಚು ಬೆಸೆದದ್ದು. ಹೊರಗಿನ ಗೆರೆಯನ್ನು ಕೆರೆದು ತೆಗೆದಿರುತ್ತಾರೆ, ಒಳಗಿನದು ಬೆರಳಿಗೆ ಸಿಗುತ್ತದೆ. ಅದು ಕೆಟ್ಟ ಸರಕು ಅಂತ ನಾನು ಹೇಳುವುದಿಲ್ಲ, ಎಷ್ಟೋ ವಾಹನಗಳು ಅದರ ಮೇಲೆಯೇ ಓಡುತ್ತಿವೆ. ಆದರೆ ಬಾಗಿನಲ್ಲಿ ಆ ಗೆರೆ ಎಲ್ಲಿ ಬರುತ್ತದೆ ಅನ್ನುವುದು ಬಗ್ಗಿಸುವವನ ಕೈಯಲ್ಲಿದೆ, ಮತ್ತು ನಿಯಮ ಸೀಮ್‌ಲೆಸ್ ಅನ್ನುತ್ತದೆ. ಬೆಸೆದ ಟ್ಯೂಬನ್ನೇ ಮತ್ತೆ ಮ್ಯಾಂಡ್ರಿಲ್ ಮೇಲೆ ಎಳೆದರೆ ಒಳಗೆರೆ ಕಣ್ಣಿಗೂ ಬೆರಳಿಗೂ ಸಿಗುವುದಿಲ್ಲ. ಅಲ್ಲಿ ಟಾರ್ಚ್ ಪ್ರಯೋಜನ ಇಲ್ಲ, ಕಾಗದವೇ ಮಾತಾಡಬೇಕು.

ಸೀಮ್‌ಲೆಸ್ ಸಿಕ್ಕಿತು ಅಂತ ಕುಣಿಯುವಂತೆಯೂ ಇಲ್ಲ, ಯಾಕೆಂದರೆ ಅದು ಯಾವ ಸ್ಥಿತಿಯಲ್ಲಿದೆ ಅನ್ನುವುದೇ ಬಗ್ಗಿಸುವವನಿಗೆ ಮುಖ್ಯ. ಸ್ವಲ್ಪ ಲೆಕ್ಕ ಹಾಕಿ. ವ್ಯಾಸದ ಮೂರು ಪಟ್ಟು ತ್ರಿಜ್ಯದಲ್ಲಿ ಬಗ್ಗಿಸಿದಾಗ ಟ್ಯೂಬಿನ ಹೊರಮೈ ತನ್ನ ಉದ್ದದ ಆರನೇ ಒಂದು ಭಾಗದಷ್ಟು ಹಿಗ್ಗಬೇಕು, ಅಂದರೆ ಸುಮಾರು 16-17 ಶೇಕಡಾ. ಯುರೋಪಿನ ಇಎನ್ 10305-1 ಮಾನದಂಡದಲ್ಲಿ ಇ235 ಅನ್ನುವ ಸ್ಟೀಲನ್ನು ಎಳೆದು ಹಾಗೇ ಬಿಟ್ಟರೆ (ವ್ಯಾಪಾರಿಗಳ ಬಾಯಲ್ಲಿ ಇದು ಬಿಕೆ) ಅದರ ಹಿಗ್ಗುವಿಕೆಗೆ ಇರುವ ಖಾತ್ರಿ ಬರೀ 6 ಶೇಕಡಾ. ಅದೇ ಸ್ಟೀಲನ್ನು ಕಾಯಿಸಿ ತಣಿಸಿ ನಾರ್ಮಲೈಸ್ ಮಾಡಿದರೆ, ಅಂದರೆ ಎನ್‌ಬಿಕೆ ಆದರೆ, 25. ಬಿಕೆಯ ಬಲ ಕಾಗದದ ಮೇಲೆ ಜಾಸ್ತಿ ಕಾಣುತ್ತದೆ, ಅದನ್ನು ನೋಡಿ ಮರುಳಾಗಿ ತಂದರೆ ಡೈ ಮೇಲೆ ಬಿರುಕು ಬಿಡುವ ಸಾಧ್ಯತೆಯೂ ಜಾಸ್ತಿ. ಬಾಗಿನಲ್ಲಿ ಬಿಡದಿದ್ದರೂ ಕಾರು ಉರುಳಿದಾಗ ಹಿಗ್ಗಿ ಹೊಡೆತ ನುಂಗಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ: ನಾರ್ಮಲೈಸ್ ಆದ ಇ235ರ ಖಾತ್ರಿ ಬಲ 340ರಿಂದ ಶುರು, ನಿಯಮ ಕೇಳುವುದು 350. ಹಾಗಾಗಿ ಗ್ರೇಡಿನ ಹೆಸರು ನೋಡಿ ಸುಮ್ಮನಾಗದೆ ಆ ಲಾಟಿನ ನಿಜವಾದ ಅಂಕಿ ಓದಬೇಕು. ಇ355, ಅಂದರೆ ಹಳೆಯ ಎಸ್‌ಟಿ 52, ನಾರ್ಮಲೈಸ್ ಆಗಿದ್ದರೆ ಬಲ 490ರಿಂದ ಶುರು, ಹಿಗ್ಗುವಿಕೆ 22, ಕಾರ್ಬನ್ 0.22ರ ಒಳಗೆ. ನನ್ನ ಮನಸ್ಸು ಅದರ ಮೇಲೆಯೇ ನಿಂತಿತು.

ಈ ಅಂಕಿಗಳೆಲ್ಲ ಇರುವುದು ಟಿಸಿಯಲ್ಲಿ, ಅಂದರೆ ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟಿನಲ್ಲಿ. ಅದರ ಮೇಲಿನ ಹೀಟ್ ನಂಬರು (ಸ್ಟೀಲ್ ಯಾವ ಪಾಕದಲ್ಲಿ ಕರಗಿಸಿದ್ದು ಅನ್ನುವ ಗುರುತು) ಟ್ಯೂಬಿನ ಮೈಮೇಲಿನ ನಂಬರಿಗೆ ಹೊಂದಬೇಕು. ಒಬ್ಬ ವ್ಯಾಪಾರಿ ನನಗೆ ಕೊಟ್ಟದ್ದು ಝೆರಾಕ್ಸಿನ ಝೆರಾಕ್ಸು, ನಂಬರು ಬೇರೆ. "ಮಾಲು ಅದೇ ಸರ್, ಕಾಗದ ಮಾತ್ರ ಬೇರೆ" ಅಂದ. ಎದ್ದು ಬಂದೆ. ಇಂಥ ಕಡೆ ಸಣ್ಣ ತುಂಡು ಕತ್ತರಿಸಿ ಲ್ಯಾಬಿಗೆ ಕೊಟ್ಟರೆ ಸ್ಪೆಕ್ಟ್ರೋ (ಏನೇನು ಬೆರೆತಿದೆ) ಮತ್ತು ಟೆನ್‌ಸೈಲ್ (ಎಳೆತದ ಬಲ) ಎರಡೂ ಗೊತ್ತಾಗುತ್ತವೆ, ಪಿಂಪ್ರಿ-ಚಿಂಚವಡದ ಸುತ್ತ ಇದು ದಿನನಿತ್ಯದ ಕೆಲಸ. ತಮಾಷೆ ಅಂದರೆ ಸೀಮ್‌ಲೆಸ್ ಟ್ಯೂಬಿನ ಕಾರ್ಖಾನೆ ಪಕ್ಕದ ಬಾರಾಮತಿಯಲ್ಲೇ ಇದೆ, ಅಹಿಲ್ಯಾನಗರದಲ್ಲೂ (ಹಿಂದಿನ ಅಹ್ಮದ್‌ನಗರ) ಇದೆ. ಎರಡನ್ನೂ ನಡೆಸುತ್ತಿದ್ದ ಐಎಸ್‌ಎಂಟಿ ಕಂಪನಿಯನ್ನು 2022ರಲ್ಲಿ ಕೊಂಡದ್ದು ನಮ್ಮ ಕೊಪ್ಪಳದಲ್ಲಿ ಬೀಡು ಕಬ್ಬಿಣ ತಯಾರಿಸುವ ಕಿರ್ಲೋಸ್ಕರ್ ಫೆರಸ್. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುವಾದ ಮನೆತನ ನೋಡಿ. ಆದರೆ ಕಾರ್ಖಾನೆ ಲಾರಿ ಲೆಕ್ಕದಲ್ಲಿ ಮಾರುತ್ತದೆ, ನಮಗೆ ಬೇಕಾದ್ದು ಆರು ಮೀಟರಿನ ಕೆಲವು ತುಂಡು. ಕಳಂಬೋಲಿಯ ಸ್ಟಾಕಿಸ್ಟುಗಳನ್ನು ಹಿಡಿಯಬೇಕಾಯಿತು. ಮೀಟರ್ ಲೆಕ್ಕ ಕೂಡಿಸಿ ಆರ್ಡರ್ ಕೊಡಬೇಡಿ. ಒಂದು ಹೂಪ್ ನಾಲ್ಕು ಮೀಟರಿನ ಆಸುಪಾಸು ನುಂಗಿ, ಉಳಿದ ತುಂಡಿನಲ್ಲಿ ಇನ್ನೊಂದು ಹೂಪ್ ಆಗುವುದಿಲ್ಲ. ಪರೀಕ್ಷೆಗೆ ಬಗ್ಗಿಸಲು ಒಂದು ಉದ್ದ ಹೆಚ್ಚಿಗೆ ಇರಲಿ.

ಕ್ರೋಮೋಲಿ ಬಗ್ಗೆ ಎರಡೇ ಮಾತು. 4130 ಅನ್ನುವ ಕ್ರೋಮೋಲಿ ಗ್ರೇಡು ಬಲವಾದದ್ದು, ನಿಜ. ಆದರೆ ಅದರ ಸಾಂದ್ರತೆ ಸಾದಾ ಸ್ಟೀಲಿನಷ್ಟೇ, ಬಿಗಿಯೂ ಅಷ್ಟೇ. ಅದೇ ವ್ಯಾಸ ಅದೇ ದಪ್ಪದಲ್ಲಿ ಹಾಕಿದರೆ ಒಂದು ಗ್ರಾಮೂ ಉಳಿಯುವುದಿಲ್ಲ. ಗೋಡೆ ತೆಳು ಮಾಡಿದರೆ ಮಾತ್ರ ಲಾಭ, ಮೇಲೆ ಹೇಳಿದ ನಿಯಮದಲ್ಲಿ ಅದಕ್ಕೆ ಅವಕಾಶವೇ ಇಲ್ಲ, ಹಾಗೆ ಮಾಡಬೇಕಾದರೆ ಕೇಜನ್ನೇ ಬೇರೆಯಾಗಿ ಪ್ರಮಾಣೀಕರಿಸಿಕೊಳ್ಳಬೇಕು. ಬೆಸುಗೆಯ ಪಕ್ಕದ ಜಾಗ ಪೆಡಸಾಗುವ ಭಯ ಬೇರೆ. ಕಾಲೇಜು ಹುಡುಗರು ಬಾಹಾ ಸ್ಪರ್ಧೆಗೆ ಕಟ್ಟುವ ಗಾಡಿಗಳಲ್ಲಿ ಅದಕ್ಕೆ ಅರ್ಥ ಇದೆ, ಅಲ್ಲಿ ಸಮಾನ ಬಲ ತೋರಿಸಿ ಅಳತೆ ಬದಲಿಸಲು ನಿಯಮವೇ ಬಿಡುತ್ತದೆ. ನಮಗೆ ಬರೀ ಖರ್ಚು.

ಇನ್ನು ಸಲಕರಣೆ. ಬೆಂಡರ್ ಕಾಕಾನದ್ದು, ನಮ್ಮದು ಉಳಿದವು. ನಾನು ಹೆಚ್ಚು ದುಡ್ಡು ಹಾಕಿದ್ದು ಅಳತೆಗೆ. ಹೂಪಿನಲ್ಲಿ ಬಾಗುಗಳೆಲ್ಲ ಒಂದೇ ಸಮತಳದಲ್ಲಿರಬೇಕು. ಒಂದನ್ನು ಬಗ್ಗಿಸಿ ಮುಂದಿನದಕ್ಕೆ ಟ್ಯೂಬ್ ಸರಿಸುವಾಗ ಎರಡೇ ಡಿಗ್ರಿ ತಿರುಚಿದರೂ, ಒಂದು ಮೀಟರ್ ಉದ್ದದ ಕಾಲಿನ ಪಾದ ಮೂರೂವರೆ ಸೆಂಟಿಮೀಟರ್ ಆಚೆ ಹೋಗಿ ನಿಲ್ಲುತ್ತದೆ. ಅಯಸ್ಕಾಂತ ಇರುವ ಡಿಜಿಟಲ್ ಆ್ಯಂಗಲ್ ಗೇಜ್ ಒಂದನ್ನು ಮೊದಲ ಬಾಗಿನ ಕಾಲಿಗೆ ಅಂಟಿಸಿಬಿಟ್ಟರೆ ಆ ತಲೆನೋವು ಇಲ್ಲ. ಜೊತೆಗೆ ಒಂದು ತೂಗುಗುಂಡು. ಬಗ್ಗಿಸಿ ಬಿಟ್ಟಾಗ ಟ್ಯೂಬ್ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಎಷ್ಟು ಅನ್ನುವುದು ಲಾಟಿನಿಂದ ಲಾಟಿಗೆ ಬೇರೆ, ಅದನ್ನು ಪರೀಕ್ಷೆಯ ತುಂಡಿನಲ್ಲಿ ಕಂಡುಕೊಂಡು ಅಷ್ಟು ಹೆಚ್ಚಿಗೆ ಬಗ್ಗಿಸಬೇಕು. ಮುಂದಿನ ಕಂಬದ ಪಕ್ಕ ಇಳಿಯುವ ಟ್ಯೂಬಿನ ಆಕಾರಕ್ಕೆ ನನ್ನ ಕ್ಯಾಡ್ ಮಾಡೆಲಿಗಿಂತ 6 ಮಿ.ಮೀ. ಸರಳೇ ವಾಸಿ ಅನ್ನಿಸಿತು. ಕೈಯಲ್ಲೇ ಬಗ್ಗಿಸಿ, ಕಾರಿನ ಮೈಗೆ ಒತ್ತಿ ಹಿಡಿದು, ಅದನ್ನೇ ಶೆಡ್ಡಿಗೆ ಒಯ್ದದ್ದು.

ಟ್ಯೂಬಿನ ತುದಿಯನ್ನು ಇನ್ನೊಂದರ ಮೈಗೆ ಕೂರುವಂತೆ ಕತ್ತರಿಸಲು ನಾಚರ್ ಬೇಕು. ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಹಾಕುವ ಅಗ್ಗದ ನಾಚರ್ ಸಾಕು, ಅದರ ಬುಷ್ ಅಲ್ಲಾಡಬಾರದು ಅಷ್ಟೇ. ಹೋಲ್ ಸಾ ಮಾತ್ರ ಬೈಮೆಟಲ್, ಒಳ್ಳೆಯದು, ಮುಂಬೈಗೆ ಹೋದಾಗ ನಾಗದೇವಿ ಸ್ಟ್ರೀಟಿನಲ್ಲಿ ಆರಿಸಿ ತಂದೆ. 38ರ ಟ್ಯೂಬ್ 45ರ ಮೈಗೆ ತಾಗುವಲ್ಲಿ 45ರ ಹೋಲ್ ಸಾ ಬೇಕು, 38ರದ್ದಲ್ಲ. ನಿಧಾನ ವೇಗ, ಕಟಿಂಗ್ ಆಯಿಲ್. ಓರೆ ತುಂಬ ಚೂಪಾದ ಕಡೆ ನಾಚರ್ ಕೈ ಕೊಡುತ್ತದೆ. ಅಲ್ಲಿ ಕಾಗದದ ಮೇಲೆ ಆಕಾರ ಪ್ರಿಂಟ್ ತೆಗೆದು, ಟ್ಯೂಬಿಗೆ ಸುತ್ತಿ, ಗೆರೆ ಎಳೆದು, ಗ್ರೈಂಡರ್ ಮತ್ತು ಅರದಲ್ಲಿ ತಿದ್ದುವುದು. ಬೇಜಾರಿನ ಕೆಲಸ. ಆದರೆ ಸಂದು ಬಿಟ್ಟ ಜೋಡಣೆಯನ್ನು ತಂತಿ ಸುರಿದು ಮುಚ್ಚುವುದಕ್ಕಿಂತ ಎಷ್ಟೋ ಮೇಲು.

ಇಷ್ಟಾದ ಮೇಲೆ ವೆಲ್ಡಿಂಗ್, ಎಲ್ಲರೂ ಮೊದಲು ಕೇಳುವ ವಿಷಯ. ತುದಿಗಳು ಸರಿ ಕೂತಿದ್ದರೆ, ಮೈಮೇಲಿನ ಕರಿ ಪೊರೆ ಉಜ್ಜಿ ತೆಗೆದಿದ್ದರೆ, ಕೈ ಪಳಗಿದ್ದರೆ, ಆರ್ಗಾನೂ ಆಗುತ್ತದೆ ಸಿಓಟುನೂ ಆಗುತ್ತದೆ. ನಾವು ಇಆರ್70ಎಸ್-6 ತಂತಿ, 0.8 ಮಿ.ಮೀ., ಆರ್ಗಾನ್-ಸಿಓಟು ಬೆರಕೆ ಗ್ಯಾಸು ಅಂತ ನಿಶ್ಚಯ ಮಾಡಿಕೊಂಡೆವು. ಉಳಿದ ತುಂಡುಗಳಲ್ಲೇ ಜೋಡಣೆ ಮಾಡಿಸಿ, ಉದ್ದಕ್ಕೆ ಸೀಳಿ, ಬೆಸುಗೆ ಒಳಗಿನವರೆಗೆ ಇಳಿದಿದೆಯಾ ನೋಡಿದೆವು. ವೆಲ್ಡರ್ ಹುಡುಗನಿಗೆ ಇದು ಮೊದಲು ಅವಮಾನ ಅನ್ನಿಸಿತು. ಆಮೇಲೆ ಅವನೇ ಸೀಳಿ ತೋರಿಸತೊಡಗಿದ.

ನಿಜವಾದ ಪೇಚಾಟ ಛಾವಣಿಯದ್ದು. ಬೆಸುಗೆ ಟ್ಯೂಬಿನ ಸುತ್ತಲೂ, ಪೂರ್ತಿ ಸುತ್ತು ಇರಬೇಕು. ಹೂಪನ್ನು ಛಾವಣಿಗೆ ಒತ್ತಿ ಕೂರಿಸಿದರೆ ಮೇಲ್ಗಡೆ ವೆಲ್ಡಿಂಗ್ ಟಾರ್ಚ್ ಹೋಗುವುದೇ ಇಲ್ಲ. ಅಲ್ಲಿ ಅರ್ಧ ಸುತ್ತು ಬೆಸೆದು ಬಣ್ಣ ಬಳಿದ ಕೇಜುಗಳನ್ನು ನೋಡಿದ್ದೇನೆ, ಕೆಳಗಿನಿಂದ ಫೋಟೋ ತೆಗೆದರೆ ಚಂದ ಕಾಣುತ್ತವೆ. ದಾರಿ ಎರಡಿವೆ. ಛಾವಣಿಯ ತಗಡನ್ನೇ ಬಿಚ್ಚುವುದು ಒಂದು. ಪಾದ ಕೂರುವ ಜಾಗದಲ್ಲಿ ನೆಲಕ್ಕೆ ತೂತು ಕೊರೆದು, ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಿದ ಕೇಜನ್ನು ಕೆಳಗೆ ಇಳಿಸಿ, ಮೇಲಿನ ಬೆಸುಗೆ ಮುಗಿಸಿ, ಮತ್ತೆ ಎತ್ತಿ, ತೂತಿನ ಮೇಲೆ ಪ್ಲೇಟ್ ಬೆಸೆದು ಕೂರಿಸುವುದು ಇನ್ನೊಂದು. ನಾವು ಎರಡನೆಯದು ಹಿಡಿದೆವು, ಹೇಗಿದ್ದರೂ ಹಳೆಯ ಎಸ್ಟೀಮಿನ ನೆಲದಲ್ಲಿ ತುಕ್ಕು ತೆಗೆಯುವ ಕೆಲಸ ಇದ್ದೇ ಇತ್ತು. ಕಾರಿನ ಮೈಗೆ ಬೆಸೆಯುವ ಪ್ಲೇಟ್ ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂಟಿಮೀಟರ್. ಬೋಲ್ಟ್ ಹಾಕುವವರಿಗೆ ಎಂ8, 8.8 ಗ್ರೇಡ್, ಪಾದಕ್ಕೆ ಮೂರಾದರೂ ಬೇಕು.

ಇದನ್ನು ಓದಿ ದಿನಾ ಆಫೀಸಿಗೆ ಹೋಗುವ ಕಾರಿಗೆ ಕೇಜ್ ಹಾಕುವ ಆಸೆ ಯಾರಿಗಾದರೂ ಬಂದರೆ, ದಯವಿಟ್ಟು ಬೇಡ. ವಾಹನದ ರಚನೆ ಬದಲಿಸುವುದನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಒಂದು ಕಡೆ ಇರಲಿ, ಹೆಲ್ಮೆಟ್ ಇಲ್ಲದ ತಲೆಗೆ ಪಕ್ಕದಲ್ಲೇ ಸ್ಟೀಲ್ ಟ್ಯೂಬ್ ಇರುವುದು ಅಪಘಾತವನ್ನು ಇನ್ನೂ ಕೆಟ್ಟದು ಮಾಡುತ್ತದೆ. ರೇಸ್ ಕಾರಿನಲ್ಲೂ ಹೆಲ್ಮೆಟ್ ತಾಗುವ ಕಡೆ ಎಫ್‌ಐಎ 8857-2001ರ ಪ್ಯಾಡಿಂಗ್ ಬೇಕು. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಅಲ್ಲ.

ಈಗ ಬಣ್ಣದ ವಿಷಯಕ್ಕೆ ಬಂದು ನಿಂತಿದ್ದೇವೆ. ಪೌಡರ್ ಕೋಟ್ ಬೇಡ ಅಂದೆ, ಆ ದಪ್ಪ ಪದರದ ಕೆಳಗೆ ಬಿರುಕು ಬಿಟ್ಟರೂ ಕಾಣುವುದಿಲ್ಲ. ತೆಳ್ಳಗೆ ತಿಳಿ ಬೂದು ಬಣ್ಣ ಹೊಡೆದರೆ ಬೆಸುಗೆ ಬಿಟ್ಟ ಕಡೆ ತುಕ್ಕಿನ ಗೆರೆ ಎದ್ದು ಕಾಣುತ್ತದೆ. ಗೆಳೆಯನಿಗೆ ಕೆಂಪೇ ಬೇಕಂತೆ. ಕಾಕಾ ಅವನ ಕಡೆ. ಗುರುವಾರ ಭೋಸರಿಗೆ ರಜೆ, ಶುಕ್ರವಾರ ಮತ್ತೆ ಜಗಳ.